24ಕ್ಕೋ 25ಕ್ಕೋ? ಮಕ್ಕಳಿಗೆ ನಮ್ಮೂರ ಕ್ರಿಸ್ಮಸ್ ತೋರಿಸುವುದು ಹೇಗೆ?

ಬೆಟಗೇರಿ ಮಗಳು, ಎಸ್ಲಿಂಗನ್

ಎಲ್ಲರಿಗೂ ನಮಸ್ಕಾರ. ಇವತ್ತು ಮನೆಯಲ್ಲಿ ಅಡ್ವೆಂಟ್‌ನ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಮೊದಲ ಮೇಣದಬತ್ತಿ ಹಚ್ಚಿದೆವು. ಆಗಿನಿಂದ ಮನಸ್ಸು ಸರಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬೆಟಗೇರಿಯ ಬಾಸೆಲ್ ಮಿಶನ್ (ಪ್ರೊಟೆಸ್ಟೆಂಟ್) ಸಭೆಯವರು. ನನಗೆ ಕ್ರಿಸ್ಮಸ್ ಅಂದರೆ 24ರ ರಾತ್ರಿ ಮನೆ ಮನೆಗೆ ಹೋಗಿ ಹಾಡುವುದು. 25ರ ಬೆಳಿಗ್ಗೆ ಹೊಸ ಬಟ್ಟೆ ಹಾಕಿಕೊಂಡು ಆರಾಧನೆ. ಬಂದ ಮೇಲೆ ಓಣಿಯ ಅಷ್ಟೂ ಮನೆಗೆ ತಾಟು. ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ, ಒಂದು ತುಂಡು ಕೇಕು, ಮೇಲೆ ಅವ್ವ ಹೆಣೆದ ಕ್ರೋಶಾ ಬಟ್ಟೆ. ದೀಪಾವಳಿಗೆ ಅವರು ಕೊಟ್ಟಿದ್ದಕ್ಕೆ ಇದು ನಮ್ಮದು.

ಇಲ್ಲಿ ಜರ್ಮನಿಯಲ್ಲಿ ಎಲ್ಲಾ 24ರ ಸಂಜೆಗೇ ಮುಗಿಯುತ್ತದೆ. ಮಧ್ಯಾಹ್ನ ಅಂಗಡಿ ಬಂದ್, ಸಂಜೆ ಚರ್ಚು, ಆಮೇಲೆ ಉಡುಗೊರೆ. 25ರ ಬೆಳಿಗ್ಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಹೋದ ವರ್ಷ ತಾಟು ಹಿಡಿದು ಪಕ್ಕದ ಮನೆಗೆ ಹೊರಟೆ. 9 ವರ್ಷದ ಮಗಳು ಬಾಗಿಲಲ್ಲೇ ಕೈ ಹಿಡಿದು ನಿಲ್ಲಿಸಿದಳು. "ಅಮ್ಮ, ಮೊದಲೇ ಹೇಳದೆ ಯಾರ ಮನೆಗೂ ಹೋಗಬಾರದು" ಅಂದಳು, ಅದೂ ಜರ್ಮನ್‌ನಲ್ಲಿ. ತಾಟು ವಾಪಸ್ ತಂದು ಟೇಬಲ್ ಮೇಲಿಟ್ಟು ಅತ್ತುಬಿಟ್ಟೆ.

ನೀವೆಲ್ಲ ಹಬ್ಬ ಯಾವತ್ತು ಮಾಡುತ್ತೀರಿ? ಕರ್ಚಿಕಾಯಿಗೆ ಯಾವ ಹಿಟ್ಟು? ಮನೆ ಮನೆಗೆ ಹೋಗಿ ಹಾಡುವುದನ್ನು ಮಕ್ಕಳಿಗೆ ಹೇಗೆ ತೋರಿಸಲಿ?

ಕುಡ್ಲದವಳು, ಮ್ಯೂನಿಕ್

ನಿಮ್ಮ ಕರ್ಚಿಕಾಯಿಯೇ ನಮ್ಮ ನೆವ್ರಿ! ನಮ್ಮಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಇಲ್ಲದೆ ಕ್ರಿಸ್ಮಸ್ ಇಲ್ಲ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಎಲ್ಲಾ ಮನೆಯಲ್ಲೇ ಮಾಡುತ್ತೇನೆ. ಅಂಗಡಿಯಲ್ಲಿ ಪೊಟ್ಟಣದ ಮೇಲೆ 405 ಅಂತ ಇರುವ ಹಿಟ್ಟು ತೆಗೆದುಕೊಳ್ಳಿ, ಅದೇ ನಮ್ಮ ಮೈದಾ. ಗಸಗಸೆ ಮಾತ್ರ ಇಂಡಿಯನ್ ಅಂಗಡಿಯಿಂದ ತನ್ನಿ. ಇಲ್ಲಿಯದು ನೀಲಿ, ಹೂರಣ ಕಪ್ಪಾಗಿ ಕಾಣುತ್ತದೆ. ನನ್ನ ಮಗ ಮೊದಲ ಸಲ ಅದನ್ನು ನೋಡಿ ಮಣ್ಣು ಅಂದಿದ್ದ. ಈಗ ಅಂಚು ಕತ್ತರಿಸುವ ಗಾಲಿ ಅವನದೇ, ಬೇರೆ ಯಾರಿಗೂ ಕೊಡುವುದಿಲ್ಲ.

ಹಾಸನದ ಅಣ್ಣ, ಫ್ರಾಂಕ್‌ಫರ್ಟ್

ತಂಗಿ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕುಳಿತೆ.

ನಮ್ಮಪ್ಪ ಹಬ್ಬಕ್ಕೆ ಎರಡು ವಾರ ಮೊದಲೇ ತಟ್ಟೆಗೆ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದರು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು) ಇಡುವ ಹೊತ್ತಿಗೆ ಬೆರಳುದ್ದ ಹಸಿರು ಪೈರು. ಅದರ ನಡುವೆ ಕುರಿ, ಹಸು, ಕುರುಬರು. ಬಾಲಯೇಸುವನ್ನು ಮಾತ್ರ ನಡುರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಇಡಬೇಕು. ನೀರು ಚಿಮುಕಿಸುವ ಕೆಲಸ ನನ್ನದು.

ಇಲ್ಲಿಗೆ ಬಂದ ಮೇಲೆ ಹಬ್ಬದ ದಿನದ ಪಾಳಿಗೆ ದುಡ್ಡು ಜಾಸ್ತಿ ಅಂತ ಹನ್ನೊಂದು ವರ್ಷ ಕ್ರಿಸ್ಮಸ್‌ಗೆ ಕೆಲಸಕ್ಕೇ ಹೋದೆ. ಮನೆ ಸಾಲ ತೀರಿತು. ಮಕ್ಕಳಿಗೆ ಹದಿನಾರು ಹದಿನೇಳು ಆದಾಗ ಒಂದು ಸಲ ಹೀಟರ್ ಮೇಲಿನ ಕಿಟಕಿಯಲ್ಲಿ ರಾಗಿ ಬೆಳೆಸಿದೆ. ಪೈರು ಚೆನ್ನಾಗಿಯೇ ಬಂತು. ಅವರು ತಿರುಗಿ ನೋಡಲಿಲ್ಲ. ಈಗ 24ಕ್ಕೆ ಅವರವರ ಸ್ನೇಹಿತರ ಮನೆಯಲ್ಲಿ ಆಲೂಗಡ್ಡೆ ಸಲಾಡ್, ಸಾಸೇಜ್ ತಿನ್ನುತ್ತಾರೆ, ಫೋನ್ ಮಾಡುತ್ತಾರೆ. ನಿಮ್ಮ ಮಕ್ಕಳು ಇನ್ನೂ ಚಿಕ್ಕವರು. ಈ ವರ್ಷವೇ ರಾಗಿ ಚೆಲ್ಲಿ.

ಮೇಷ್ಟ್ರು, ಸ್ಟುಟ್‌ಗಾರ್ಟ್

ಎಲ್ಲರೂ ತಿಂಡಿ, ತಟ್ಟೆ ಅನ್ನುತ್ತಿದ್ದೀರಿ. ಮಗಳು ಜರ್ಮನ್‌ನಲ್ಲಿ ಹೇಳಿದಳು ಅಂತ ನೀವೇ ಬರೆದಿದ್ದೀರಿ. ಗುಟ್ಟು ಇರುವುದು ಅಲ್ಲೇ. ಮನೆಯಲ್ಲಿ ಕನ್ನಡ ಇಲ್ಲದಿದ್ದರೆ ಕರ್ಚಿಕಾಯಿ ಬರೀ ತಿಂಡಿ.

ನೀವಿರುವ ಊರು ಎಂಥದ್ದು ಗೊತ್ತಾ? 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಜರ್ಮನ್ ಪಾದ್ರಿ ಮೋಗ್ಲಿಂಗ್ ತೀರಿಕೊಂಡಿದ್ದು ಎಸ್ಲಿಂಗನ್‌ನಲ್ಲೇ, 1881ರಲ್ಲಿ. ಹತ್ತಿರದ ಟ್ಯೂಬಿಂಗನ್‌ನಲ್ಲಿ 1903ರ ಡಿಸೆಂಬರ್ 18ಕ್ಕೆ, ಕ್ರಿಸ್ಮಸ್‌ಗೆ ಒಂದು ವಾರ ಇರುವಾಗ, ಕಿಟ್ಟೆಲ್ ಹೋದರು. 1894ರ ಅವರ ನಿಘಂಟು ಇವತ್ತಿಗೂ ನನ್ನ ಮೇಜಿನ ಮೇಲಿದೆ. ಯೇಸುವಿನ ಕತೆಯನ್ನು ಕನ್ನಡ ಪದ್ಯದಲ್ಲಿ ಬರೆದವರು ಅವರು, 'ಕಥಾಮಾಲೆ', 1862. ಇಲ್ಲಿಂದ ಹೋದ ಜರ್ಮನ್ನರು ಕನ್ನಡ ಕಲಿತರು, ಇಲ್ಲಿಗೆ ಬಂದ ನಾವು ಮಕ್ಕಳಿಗೆ ಕಲಿಸಲಿಲ್ಲ. ನನ್ನ ಮಗ ಇಲ್ಲೇ ಹುಟ್ಟಿದವನು, ಕನ್ನಡ ಪೇಪರ್ ಓದುತ್ತಾನೆ. ಮನೆ ಬಾಗಿಲು ದಾಟಿ ಒಳಗೆ ಬಂದ ಮೇಲೆ ಜರ್ಮನ್ ಬೇಡ. ಇಷ್ಟೇ ನಿಯಮ.

ಮೈಸೂರಿನ ನರ್ಸ್ ಅಕ್ಕ, ಉಲ್ಮ್

ಬೆಟಗೇರಿ ಮಗಳೇ, ನಾವು ಎರಡೂ ದಿನ ಮಾಡುತ್ತೇವೆ. 24 ಮಕ್ಕಳದು, ಅವರ ಸ್ನೇಹಿತರ ಹಾಗೇ ಇರಲಿ. 25 ನಮ್ಮೂರದು. ಬೆಳಿಗ್ಗೆ ಊರಿಗೆ ವಿಡಿಯೋ ಕಾಲ್, ಕನ್ನಡ ಹಾಡು, ಬಿರಿಯಾನಿ. ಇಲ್ಲಿ 26 ಕೂಡ ರಜೆ, ಒಬ್ಬರ ಮನೆಗೊಬ್ಬರು ಹೋಗುವ ದಿನ. ತಾಟು ಅವತ್ತಿಗೆ ಇಟ್ಟುಕೊಳ್ಳಿ. ಮೂರು ದಿನ ಮೊದಲೇ ಪಕ್ಕದವರ ಅಂಚೆಪೆಟ್ಟಿಗೆಗೆ ಒಂದು ಚೀಟಿ ಹಾಕಿ, "26ಕ್ಕೆ ನಾಲ್ಕು ಗಂಟೆಗೆ ಬರುತ್ತೇವೆ" ಅಂತ. ಚೀಟಿ ಮಗಳ ಕೈಯಲ್ಲೇ ಬರೆಸಿ.

ಹಾಡಿಗೆ ಸ್ಟೆರ್ನ್‌ಸಿಂಗರ್ ನೋಡಿ. ಜನವರಿ 6ರ ಹೊತ್ತಿಗೆ ಮಕ್ಕಳು ಮೂವರು ಜ್ಞಾನಿಗಳ ಹಾಗೆ ಕಿರೀಟ ಹಾಕಿಕೊಂಡು, ನಕ್ಷತ್ರ ಹಿಡಿದು ಮನೆ ಮನೆಗೆ ಹೋಗಿ ಹಾಡುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಸವಿ, ಸಿ, ಎಂ, ಬಿ (ಕ್ರಿಸ್ತನು ಈ ಮನೆಯನ್ನು ಆಶೀರ್ವದಿಸಲಿ ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು) ಬರೆಯುತ್ತಾರೆ. ಬಂದ ದುಡ್ಡು ಬಡ ಮಕ್ಕಳಿಗೆ. ನಮ್ಮೂರ ಕ್ಯಾರಲ್ ರೌಂಡೇ ಅಲ್ವಾ? ಕ್ಯಾಥೊಲಿಕ್ ಚರ್ಚಿನವರು ನಡೆಸುವುದು, ಆದರೆ ನಮ್ಮಲ್ಲಿ ಬೇರೆ ಸಭೆಯ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ.

ಎರಡು ಮಕ್ಕಳ ತಾಯಿ, ಕಾರ್ಲ್ಸ್‌ರೂಹೆ

ಮೇಷ್ಟ್ರೇ, ಒಬ್ಬ ತಾಯಿ ಅಳುತ್ತಾ ಕೇಳಿದ್ದಾರೆ. ಅವರಿಗೆ ನಿಯಮ ಹೇಳುತ್ತೀರಾ? ನನ್ನ ಮಗ ಮೂರು ವರ್ಷದವರೆಗೆ ಮಾತೇ ಆಡಿರಲಿಲ್ಲ. ಅವನ ಮೊದಲ ಮಾತು ಜರ್ಮನ್‌ನಲ್ಲಿ ಬಂತು. ಅವತ್ತು ನಮಗೆ ಆದ ಸಂತೋಷ ನಮಗೇ ಗೊತ್ತು. ಎಲ್ಲರ ಮನೆಯೂ ಒಂದೇ ಥರ ಇರುವುದಿಲ್ಲ.

ಮೇಷ್ಟ್ರು, ಸ್ಟುಟ್‌ಗಾರ್ಟ್

ನಿಮ್ಮ ಮಗನ ವಿಷಯ ಬೇರೆ ತಾಯಿ, ಅವನು ಚೆನ್ನಾಗಿರಲಿ. ನಾನು ಹೇಳುತ್ತಿರುವುದು ಸುಲಭಕ್ಕೆ ಬಿಟ್ಟುಬಿಟ್ಟವರ ಬಗ್ಗೆ. ಭಾಷೆ ಒಂದು ತಲೆಮಾರಿನಲ್ಲಿ ಹೋಗುತ್ತದೆ.

ಬೆಳಗಾವಿ ಹುಡುಗ, ಬರ್ಲಿನ್

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಶನಿವಾರ ಕನ್ನಡ ತರಗತಿಗೆ ಆರು ಮಕ್ಕಳು ಬಂದರೆ ಹೆಚ್ಚು. ಉಳಿದವರೆಲ್ಲ ಫುಟ್‌ಬಾಲ್‌ಗೆ.

ಕುಡ್ಲದವಳು, ಮ್ಯೂನಿಕ್

ನಮ್ಮ ಮನೆ ಮಾತು ಕೊಂಕಣಿ, ಓದಿದ್ದು ಕನ್ನಡ. ಮೇಷ್ಟ್ರ ಲೆಕ್ಕದಲ್ಲಿ ನಾವು ಎಲ್ಲಿ ಬರುತ್ತೇವೆ ಹೇಳಿ. ಮಕ್ಕಳಿಗೆ ಮೂರನೆಯ ಭಾಷೆ ಯಾವಾಗ ಕಲಿಸಲಿ?

ಮೇಷ್ಟ್ರು, ಸ್ಟುಟ್‌ಗಾರ್ಟ್

ಕೊಂಕಣಿ ಕಲಿಸಿ, ಬಹಳ ಒಳ್ಳೆಯದು. ಮನೆಯಲ್ಲಿ ತಾಯಿಯ ಮಾತು ಇರಬೇಕು ಅನ್ನುವುದೇ ನನ್ನ ಹಟ.

ಬೆಟಗೇರಿ ಮಗಳು, ಎಸ್ಲಿಂಗನ್

ಮೇಷ್ಟ್ರೇ, ನಿಮ್ಮ ಮಾತು ನೋಯಿಸಿತು, ಆದರೆ ಸುಳ್ಳಲ್ಲ. ಮೋಗ್ಲಿಂಗ್ ವಿಷಯ ಮಗಳಿಗೆ ಹೇಳಿದೆ. "ನಮ್ಮ ಎಸ್ಲಿಂಗನ್‌ನಲ್ಲಾ?" ಅಂದಳು, ಕನ್ನಡದಲ್ಲೇ. ಅಣ್ಣಾ, ರಾಗಿ ಕಾಳು ಸಿಕ್ಕಿದೆ, ಎರಡನೇ ಭಾನುವಾರ ಚೆಲ್ಲುತ್ತೇವೆ.

ಮೈಸೂರಿನ ಅಕ್ಕ, ಸ್ಟೆರ್ನ್‌ಸಿಂಗರ್‌ಗೆ ಯಾರನ್ನು ಕೇಳಬೇಕು? ತಡ ಆಯ್ತಾ?

ಮೈಸೂರಿನ ನರ್ಸ್ ಅಕ್ಕ, ಉಲ್ಮ್

ತಡ ಆಗಿಲ್ಲ. ನಿಮ್ಮ ಹತ್ತಿರದ ಕ್ಯಾಥೊಲಿಕ್ ಚರ್ಚಿನ ಆಫೀಸಿಗೆ ನಾಳೆಯೇ ಫೋನ್ ಮಾಡಿ. ಕಿರೀಟ, ಅಂಗಿ ನಮ್ಮಲ್ಲಿ ಅವರೇ ಕೊಡುತ್ತಾರೆ. ಶೂ ಮಾತ್ರ ಬೆಚ್ಚಗಿನದು ಹಾಕಿ ಕಳಿಸಿ, ಇಡೀ ದಿನ ನಡೆಯಬೇಕು.