ಸುಮಾ, ಇಂಜೆಕ್ಷನ್ ಬಿಡುವ ಮೊದಲು ಇದನ್ನು ಕೇಳು

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಪೆಪ್ಟೈಡ್, ಅಂದರೆ ಪ್ರೋಟೀನಿನ ಚಿಕ್ಕ ತುಂಡಿನಂಥ ಔಷಧಿ, ಅದರ ಇಂಜೆಕ್ಷನ್‌ಗೆ ಮೈ ಒಗ್ಗಿಹೋಗುತ್ತೆ, ನಡುವೆ ಒಂದು ತಿಂಗಳು ಬಿಡಬೇಕಂತೆ, ಹೌದಾ ದೊಡ್ಡಮ್ಮ ಅಂತ ಕೇಳಿದ್ದೀಯ. ನಿಮ್ಮಪ್ಪ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ನೂ ಪೆಪ್ಟೈಡೇ ಅಲ್ವಾ? ಅದನ್ನು ಒಂದು ತಿಂಗಳು ಬಿಟ್ಟರೆ ಏನಾಗುತ್ತೆ ಹೇಳು. ಎಲ್ಲಕ್ಕೂ ಒಂದೇ ಲೆಕ್ಕ ಇಲ್ಲಮ್ಮ.

ನೀನು ತಗೊಳ್ಳುವ ಸೆಮಾಗ್ಲುಟೈಡ್, ಹಸಿವು, ಶುಗರ್, ತೂಕ ಇಳಿಸುವ ಔಷಧಿ, ಅದನ್ನೇ ನಾನೂ ಶುಗರ್‌ಗೆ ತಗೊಳ್ಳುತ್ತಿದ್ದೆ. ವಾರಕ್ಕೊಂದು. ಮೊದಲು 0.25, ಆಮೇಲೆ 0.5, ಆಮೇಲೆ 1 ಮಿಲಿಗ್ರಾಂ. ಶುಗರ್ ಹದಕ್ಕೆ ಬಂತು. ಸುಮ್ನೆ ಯಾಕೆ ಅಂತ ಯಾರನ್ನೂ ಕೇಳದೆ ಆರು ವಾರ ಬಿಟ್ಟೆ. ಹಸಿವು ವಾಪಸ್ ಬಂತು, ಶುಗರ್ ಏರಿತು. ಗಾಬರಿಯಲ್ಲಿ ಫ್ರಿಜ್‌ನಿಂದ ಅದೇ ಇಂಜೆಕ್ಷನ್ ಪೆನ್ ತೆಗೆದು, ಕಿಂಡಿಯಲ್ಲಿ 1 ಕಾಣುವ ತನಕ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಮಾರನೇ ದಿನದಿಂದ ವಾಂತಿ. ಒಂದು ಚಮಚ ನೀರೂ ನಿಲ್ಲಲಿಲ್ಲ. ನಾಲಿಗೆ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಕೊನೆಗೆ ಡ್ರಿಪ್ ಹಾಕಿದರು. ಇಷ್ಟು ವಾರ ಬಿಟ್ಟರೆ ಹೊಟ್ಟೆಗೆ ಔಷಧಿಯ ಅಭ್ಯಾಸ ತಪ್ಪಿರುತ್ತೆ, ಮತ್ತೆ ಕೆಳಗಿನಿಂದಲೇ ಹತ್ತಬೇಕಿತ್ತು ಅಂದರು ಡಾಕ್ಟರ್.

ಅದಕ್ಕೇ ಹೇಳುತ್ತಿದ್ದೇನೆ, ಬಿಟ್ಟ ಮೇಲೆ ಹಳೇ ಡೋಸಿಗೆ ನೇರ ಹೋಗಬೇಡ.

ಆ ಮೂರು ದಿನ ನಾನೊಬ್ಬಳೇ ಮಲಗಿದ್ದೆ. ಈ ಗ್ರೂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದಿರಿ. ಬಂದು ನೋಡಿದವರು ಎಷ್ಟು ಜನ? ನಿಮ್ಮ ದೊಡ್ಡಪ್ಪ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಫೋನ್ ಸದ್ದಾದಾಗಲೆಲ್ಲ ಯಾರೋ ಬರುತ್ತೀನಿ ಅಂತ ಹೇಳುತ್ತಾರೆ ಅಂದುಕೊಳ್ಳುತ್ತಿದ್ದೆ. ಇವತ್ತಿಗೂ ಮನಸ್ಸಿಗೆ ನೋವಿದೆ. ಹೋಗಲಿ.

ಮತ್ತೆ ಹೇಳುತ್ತೀನಿ ಸುಮಾ, ಬಿಟ್ಟ ಮೇಲೆ ಹಳೇ ಡೋಸಿಗೆ ನೇರ ಹೋಗಬೇಡ.

ಅಯ್ಯೋ, ಮುಖ್ಯವಾದದ್ದೇ ಮರೆತಿದ್ದೆ. ಎರಡನೇ ಮಗು ಬಗ್ಗೆ ಯೋಚಿಸುತ್ತಿದ್ದೀವಿ ಅಂದಿದ್ದೆ ಅಲ್ವಾ? ಹಾಗಿದ್ದರೆ ಬಿಡಲೇಬೇಕು, ಅದೂ ಕಮ್ಮಿ ಅಂದರೆ 2 ತಿಂಗಳು ಮೊದಲೇ. ಈ ಔಷಧಿ ಅರ್ಧ ಇಳಿಯೋಕೇ ಒಂದು ವಾರ ಬೇಕು, ಪೂರ್ತಿ ಹೋಗೋಕೆ ಐದಾರು ವಾರ. ಆಪರೇಷನ್ ಏನಾದರೂ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತಿಳಿಸು, ಹೊಟ್ಟೆ ಬೇಗ ಖಾಲಿಯಾಗಲ್ಲ ಇದರಲ್ಲಿ. ಹೊಟ್ಟೆನೋವು ಜೋರಾಗಿ ಬೆನ್ನಿಗೂ ಹೋದರೆ ಮುಂದಿನ ಇಂಜೆಕ್ಷನ್ ಹಾಕಿಕೊಳ್ಳದೆ ಆಸ್ಪತ್ರೆಗೆ ಓಡು. ಇದ್ಯಾವುದೂ ಇಲ್ಲ ಅಂದರೆ, ಮೈ ಒಗ್ಗುತ್ತೆ ಅನ್ನೋ ಮಾತಿಗೆ ಬಿಡಬೇಡ. ಬಿಟ್ಟರೆ ಇಳಿದ ತೂಕ ಜಾಸ್ತಿ ಪಾಲು ವಾಪಸ್ ಬರುತ್ತೆ.

ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀಯ ಹೇಳು, ನಾನೂ ಜೊತೆಗೆ ಬರುತ್ತೇನೆ.