ರನ್ ಸಬ್‌ಕಮಾಂಡ್ ಸರಿಯಾಗಿ ಓಡ್ತದೆ, ಹೆಲ್ಪ್ ಕೇಳಿದರೆ ಮಾತ್ರ ಕ್ರ್ಯಾಶ್ (ಪೈಥಾನ್ 3.11, ಕಮಾಂಡ್ ಲೈನ್ ಆಪ್ಶನ್ ಓದುವ ಆರ್ಗ್‌ಪಾರ್ಸ್ ಲೈಬ್ರರಿ)

ಕುಡ್ಲಕೋಡ್:
ಮಲ್ಪೆ ಬಂದರಿನ ಮೀನು ಏಲಂ ಲೆಕ್ಕಕ್ಕೆ ‘ದಕ್ಕೆ’ ಅಂತ ಸಣ್ಣ ಟೂಲ್. ‘ದಕ್ಕೆ ರನ್ --ಕಮಿಷನ್ 5’ ಓಡ್ತದೆ. ‘ದಕ್ಕೆ ರನ್ --ಹೆಲ್ಪ್’ ಕೊಟ್ಟರೆ ವ್ಯಾಲ್ಯೂಎರರ್: ಅನ್‌ಸಪೋರ್ಟೆಡ್ ಫಾರ್ಮ್ಯಾಟ್ ಕ್ಯಾರೆಕ್ಟರ್ 'ಕ'. ಆಪ್ಶನ್‌ಗಳು:

ಆಡ್_ಆರ್ಗ್ಯುಮೆಂಟ್("--ಕಮಿಷನ್", ಟೈಪ್=ಫ್ಲೋಟ್, ಡಿಫಾಲ್ಟ್=5, ಹೆಲ್ಪ್="ಮೊತ್ತದ 5% ಕಡಿತ")
ಆಡ್_ಆರ್ಗ್ಯುಮೆಂಟ್("--ಪರೀಕ್ಷೆ", ಟೈಪ್=ಬೂಲ್, ಡಿಫಾಲ್ಟ್=ಫಾಲ್ಸ್)

ಪರೀಕ್ಷೆ ಆನ್ ಇದ್ದರೆ ಲೆಡ್ಜರಿಗೆ (ಲೆಕ್ಕದ ಪುಸ್ತಕ) ಏನೂ ಬರೆಯುವುದಿಲ್ಲ. ‘--ಪರೀಕ್ಷೆ ಫಾಲ್ಸ್’ ಕೊಟ್ಟರೂ ಟ್ರೂ ಆಗ್ತದೆ, ಯಾಕೆ?

ಮಲ್ಪೆ_ಲಿನಕ್ಸ್:
ಶೇಕಡಾ ಚಿಹ್ನೆಯೇ ಕಾರಣ ಮಾರಾಯ್ರೆ. ಹೆಲ್ಪ್ ಪಠ್ಯವನ್ನು ಆರ್ಗ್‌ಪಾರ್ಸ್ ಹಳೆಯ ಶೇಕಡಾ ಫಾರ್ಮ್ಯಾಟಿಂಗ್‌ಗೆ ಹಾಕಿಯೇ ಪ್ರಿಂಟ್ ಮಾಡುವುದು. ‘% ಕ’ ಕಂಡಾಗ ಸ್ಪೇಸನ್ನು ಫ್ಲ್ಯಾಗ್, ‘ಕ’ವನ್ನು ಫಾರ್ಮ್ಯಾಟ್ ಅಕ್ಷರ ಅಂತ ಓದುತ್ತದೆ. ಬರೀ ಓಡಿಸುವಾಗ ಆ ಪಠ್ಯ ಮುಟ್ಟುವುದೇ ಇಲ್ಲ, ಹಾಗಾಗಿ ದೋಷ ಅಡಗಿ ಕೂತಿರುತ್ತದೆ. ‘%%’ ಬರೆಯಿರಿ. 5 ಅನ್ನು ಕೈಯಲ್ಲಿ ಬರೆಯುವುದೂ ಬೇಡ, ನಾಳೆ ಡಿಫಾಲ್ಟ್ ಬದಲಾದರೆ ಹೆಲ್ಪ್ ಸುಳ್ಳು ಹೇಳ್ತದೆ:

ಹೆಲ್ಪ್="ಮೊತ್ತದಲ್ಲಿ %(ಡಿಫಾಲ್ಟ್)ಎಸ್%% ಕಡಿತ"

ಬೂಲ್ ವಿಷಯ: ಕಮಾಂಡ್ ಲೈನಿನಿಂದ ಬರುವುದು ‘ಫಾಲ್ಸ್’ ಎಂಬ ಸ್ಟ್ರಿಂಗ್, ಖಾಲಿಯಲ್ಲದ ಯಾವ ಸ್ಟ್ರಿಂಗ್ ಕೊಟ್ಟರೂ ಬೂಲ್ ಟ್ರೂ ಅನ್ನುತ್ತದೆ. ಪರೀಕ್ಷೆ ಆಫ್ ಅಂದುಕೊಂಡು ಓಡಿಸಿದರೆ ಲೆಡ್ಜರಿಗೆ ಒಂದು ಸಾಲೂ ಬೀಳುವುದಿಲ್ಲ. ಟೈಪ್ ತೆಗೆದು ಆ್ಯಕ್ಷನ್="ಸ್ಟೋರ್_ಟ್ರೂ" ಹಾಕಿ. ಆಫ್ ಮಾಡುವ ಆಪ್ಶನ್ ಕೂಡ ಬೇಕಾದರೆ 3.9ರಿಂದ ಬೂಲಿಯನ್‌ಆಪ್ಶನಲ್‌ಆ್ಯಕ್ಷನ್ ಉಂಟು. ‘--ನೋ-ಪರೀಕ್ಷೆ’ ತಾನಾಗಿ ಬರ್ತದೆ.

ಕುಡ್ಲಕೋಡ್:
ಎರಡೂ ಸರಿಯಾಯ್ತು. ಆದರೆ ಬರೀ ‘ದಕ್ಕೆ --ಹೆಲ್ಪ್’ ಕೊಟ್ಟರೆ ರನ್ ಏನು ಮಾಡ್ತದೆ ಅಂತ ಬರುವುದಿಲ್ಲ. ಡಿಸ್ಕ್ರಿಪ್ಶನ್ ಕೊಟ್ಟಿದ್ದೇನೆ.

ಮಲ್ಪೆ_ಲಿನಕ್ಸ್:
ಡಿಸ್ಕ್ರಿಪ್ಶನ್ ಕಾಣುವುದು ‘ದಕ್ಕೆ ರನ್ --ಹೆಲ್ಪ್’ನಲ್ಲಿ ಮಾತ್ರ. ಮೇಲಿನ ಪಟ್ಟಿಗೆ ಬರಬೇಕಾದರೆ ಆಡ್_ಪಾರ್ಸರ್‌ಗೆ ಹೆಲ್ಪ್= ಬೇರೆ ಕೊಡಬೇಕು. ಹೆಲ್ಪಿನ ವಿನ್ಯಾಸ ನಿರ್ಧರಿಸುವ ಫಾರ್ಮ್ಯಾಟರ್_ಕ್ಲಾಸ್ ಕೂಡ ಮೇಲಿನ ಪಾರ್ಸರಿನಿಂದ ಇಳಿದು ಬರುವುದಿಲ್ಲ, ಪ್ರತಿ ಸಬ್‌ಕಮಾಂಡಿಗೂ ಹಾಕಿ.

ತೆಂಕುಪೇಟೆ:
ಹೆಲ್ಪ್ ಕನ್ನಡದಲ್ಲಿ ಇರುವುದರಿಂದ ಇನ್ನೊಂದು. ವಿಂಡೋಸ್ ಪರದೆಯಲ್ಲಿ ಸರಿ ಬರ್ತದೆ, ಫೈಲಿಗೆ ರೀಡೈರೆಕ್ಟ್ ಮಾಡಿದರೆ ಯೂನಿಕೋಡ್‌ಎನ್‌ಕೋಡ್‌ಎರರ್ ಬರಬಹುದು. ಆಗ ಸಿಸ್ಟಮ್‌ನ ಹಳೆ ಎನ್‌ಕೋಡಿಂಗ್ ಬಳಕೆಯಾಗುತ್ತದೆ. ಪೈಥಾನ್‌ಯುಟಿಎಫ್8 ಎನ್ವಿರಾನ್‌ಮೆಂಟ್ ವೇರಿಯೇಬಲ್ 1 ಮಾಡಿ. ಮೆಟಾವಾರ್ (ಹೆಲ್ಪಿನಲ್ಲಿ ಆಪ್ಶನ್‌ನ ಮೌಲ್ಯದ ಜಾಗದಲ್ಲಿ ಕಾಣುವ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ: ‘ರೂಪಾಯಿ’ ಪರದೆಯಲ್ಲಿ ಮೂರು ಅಕ್ಷರ, ಆರ್ಗ್‌ಪಾರ್ಸ್ ಲೆಕ್ಕದಲ್ಲಿ ಆರು. ಕಾಲಂ ಸೊಟ್ಟಗಾಗ್ತದೆ.

ಕುಡ್ಲಕೋಡ್:
ಹಾರ್ಬರ್ ಆಪ್ಶನ್‌ಗೆ ‘-ಎಚ್’ ಅಂತ ಚಿಕ್ಕ ಹೆಸರು ಹಾಕಿದರೆ ‘ಕಾನ್‌ಫ್ಲಿಕ್ಟಿಂಗ್ ಆಪ್ಶನ್ ಸ್ಟ್ರಿಂಗ್’ ಅನ್ನುತ್ತಿದೆ.

ಮಲ್ಪೆ_ಲಿನಕ್ಸ್:
ಅದು ಹೆಲ್ಪಿಗೆ ಮೀಸಲು. ಆಡ್_ಹೆಲ್ಪ್=ಫಾಲ್ಸ್ ಮಾಡಿ ಕಿತ್ತುಕೊಳ್ಳಬಹುದು, ಆದರೆ ‘-ಎಚ್’ ಒತ್ತಿದವರಿಗೆ ಬೇಕಾದ್ದು ಹೆಲ್ಪೇ. ಬಂದರಿಗೆ ‘-ಬಿ’ ಕೊಡಿ.