ಜೊತೆಯಾಗಿ ರೋಲ್‌ಪ್ಲೇ ಬರೆಯುವವರನ್ನು ಹುಡುಕುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಕೋಟೆ_ಕಾವಲು (ಹಾಸನ)

ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಕನ್ನಡದಲ್ಲೇ ರೋಲ್‌ಪ್ಲೇ ಬರೆಯುವವಳು ನಾನು, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಸರದಿಯಂತೆ ಕಥೆ ಮುಂದುವರಿಸುವುದು. ಸದ್ಯ ಹಿಡಿದಿರುವ ಕಥೆ 1311ರ ದೋರಸಮುದ್ರದ್ದು, ಅಂದರೆ ಹೊಯ್ಸಳರ ರಾಜಧಾನಿಯಾಗಿದ್ದ ಇಂದಿನ ಹಳೇಬೀಡಿನದು. ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್‌ನ ಸೈನ್ಯ ಹತ್ತಿರವಾಗುತ್ತಿದೆ, ಅರಸ ಮೂರನೆಯ ಬಲ್ಲಾಳ ಪಾಂಡ್ಯರ ಸೀಮೆಯತ್ತ ದಂಡೆತ್ತಿ ಹೋಗಿದ್ದಾನೆ, ನನ್ನ ಪಾತ್ರವಾದ ಕಾವಲುಗಾರ ಕೋಟೆಯ ಬಾಗಿಲಲ್ಲಿದ್ದಾನೆ. ಎದುರು ಪಾತ್ರ ಊರು ಬಿಡಲು ಅವಸರಪಡುವ ವರ್ತಕನದು. ಮೊದಮೊದಲು ಎಲ್ಲರೂ ಉತ್ಸಾಹದಿಂದ ಬರುತ್ತಾರೆ. ಆಮೇಲೆ ಒಬ್ಬರು ನನ್ನ ಎರಡು ಪ್ಯಾರಾಗಳಿಗೆ "ಸರಿ ಎಂದು ತಲೆಯಾಡಿಸಿದ" ಎಂಬ ಒಂದೇ ಸಾಲು ಬರೆಯುತ್ತಾರೆ, ಮತ್ತೊಬ್ಬರು ನನ್ನ ಕಾವಲುಗಾರ ಏನು ಯೋಚಿಸಿದ ಎಂಬುದನ್ನೂ ತಾವೇ ಬರೆದುಬಿಡುತ್ತಾರೆ, ಉಳಿದವರು ಹೇಳದೆ ಕೇಳದೆ ಮಾಯವಾಗುತ್ತಾರೆ. ಇತಿಹಾಸದಲ್ಲಿ ಆಸಕ್ತಿಯಿರುವವರನ್ನೇ ಆರಿಸಿಕೊಂಡರೂ ಹೀಗಾಗುತ್ತಿದೆ. ಹೊಂದಿಕೊಳ್ಳುವ ಜೊತೆಗಾರರನ್ನು ಗುರುತಿಸುವುದು ಹೇಗೆ?

ಅರ್ಥಪ್ರಿಯ (ಕೊಪ್ಪ)

ಆಸಕ್ತಿ ಒಂದೇ ಆಗಿದ್ದರೆ ಸಾಲದು. ಯಾರ ಪಾತ್ರ ಯಾರ ಹಿಡಿತದಲ್ಲಿ ಎಂಬ ವಿಷಯದಲ್ಲಿ ಇಬ್ಬರಿಗೂ ಒಂದೇ ತಿಳಿವಳಿಕೆ ಇರಬೇಕು. ಯಕ್ಷಗಾನದ ಪ್ರಸಂಗವನ್ನು ವೇಷ, ಕುಣಿತವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ನಮ್ಮ ಕಡೆಯ ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಕರ್ಣ ಸಾಯಲೇಬೇಕೆಂಬುದು ಕೂಟಕ್ಕೆ ಬಂದ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಒಳ್ಳೆಯ ಅರ್ಥಧಾರಿ (ಪಾತ್ರದ ಮಾತಾಡುವವನು) ಎದುರಿನವರ ಮಾತನ್ನು ತಾನೇ ಆಡುವುದಿಲ್ಲ, ಅವರು ಉತ್ತರಿಸಲೇಬೇಕಾದ ಪ್ರಶ್ನೆಯೊಂದನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. "ಕತ್ತಿ ಬೀಸಿದೆ, ನಿನ್ನ ಭರ್ಜಿ ಕೆಳಗೆ ಬಿತ್ತು, ನೀನು ಮಂಡಿಯೂರಿದೆ" ಎಂದು ಬರೆಯುವವರ ಜೊತೆ ಕಥೆ ಬಹಳ ದಿನ ನಡೆಯದು. "ನಿನ್ನ ಮಣಿಕಟ್ಟಿಗೆ ಗುರಿಯಿಟ್ಟು ಕತ್ತಿ ಬೀಸಿದೆ" ಎಂದಷ್ಟೇ ಬರೆದು ನಿಲ್ಲಿಸುವವರು ಸಿಕ್ಕರೆ ಬಿಡಬೇಡಿ. ಇದನ್ನು ತಿಳಿಯಲು, ಬಾಗಿಲಲ್ಲಿ ಸುಂಕ ಕೇಳುವಂಥ ಚಿಕ್ಕ ದೃಶ್ಯವೊಂದನ್ನು ಮೊದಲು ಬರೆದು ನೋಡುವುದೇ ಸಾಕು.

ರಾಜಧಾನಿ ಸೋಲುವುದನ್ನು ಬದಲಾಯಿಸಬಹುದೇ ಎಂಬುದೂ ಆರಂಭಕ್ಕೆ ಮುಂಚೆಯೇ ತೀರ್ಮಾನವಾಗಲಿ. ವರ್ತಕನೊಬ್ಬನೇ ದೆಹಲಿಯ ಸೈನ್ಯವನ್ನು ಓಡಿಸುವ ಕಥೆ ಕೆಲವರಿಗೆ ಬೇಕಾಗಿರುತ್ತದೆ. ಅದು ತಪ್ಪಲ್ಲ, ಆದರೆ ಅದು ನಿಮ್ಮ ಕಥೆಯಲ್ಲ.

ತೋಟದ_ಮನೆ (ಮೂಡಿಗೆರೆ)

ಮಾಯವಾಗುವವರೆಲ್ಲ ಬೇಸತ್ತು ಹೋದವರಲ್ಲ. ಅರೇಬಿಕಾ ಕಾಫಿ ಕುಯ್ಲಿನಿಂದ ಹಿಡಿದು ರೊಬಸ್ಟಾ ಮುಗಿಯುವ ತನಕ ನಮ್ಮಂಥವರಿಗೆ ಸಂಜೆ ಹಣ್ಣು ತೂಗಿ, ಆಳುಗಳ ಲೆಕ್ಕ ಬರೆದ ಮೇಲೆ ಯುದ್ಧ ಬರೆಯುವ ಚೈತನ್ಯ ಉಳಿಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ನಾನು ಮತ್ತು ನನ್ನ ಜೊತೆಗಾರ್ತಿ ಕಥೆಗೊಂದು ಚಾನೆಲ್, ನಮ್ಮ ಸ್ವಂತ ಮಾತಿಗೆ ಇನ್ನೊಂದು ಚಾನೆಲ್ ಇಟ್ಟುಕೊಂಡಿದ್ದೇವೆ. ಎರಡನೆಯದರಲ್ಲಿ "ಕುಯ್ಲು ಶುರುವಾಗಿದೆ, ತಡವಾಗುತ್ತದೆ" ಎಂದು ಹಾಕಿದರೆ ಆಯಿತು, ಯಾರೂ ಯಾರನ್ನೂ ಅವಸರಪಡಿಸುವುದಿಲ್ಲ. ದಿನಕ್ಕೊಂದು ಪೋಸ್ಟ್ ಎಂಬ ಕಟ್ಟುಪಾಡನ್ನು ಹಾಕಿಕೊಳ್ಳಲೇಬೇಡಿ.

ಗಿರಿಶ್ರೇಣಿ (ಚಿಕ್ಕಮಗಳೂರು)

ಕಟ್ಟುಪಾಡು ಬೇಡವೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಾರಕ್ಕೊಮ್ಮೆಯಾದರೂ ಬರೆಯದಿದ್ದರೆ ದೃಶ್ಯದ ಬಿಸಿ ಆರುತ್ತದೆ. ಎಷ್ಟು ಬಿಡುವು ಸಾಧ್ಯವೋ ಅಷ್ಟನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಂದು ಸಾಲಿನ ಉತ್ತರದ ಬಗ್ಗೆ: ನಿಮ್ಮ ಎರಡು ಪ್ಯಾರಾಗಳಲ್ಲಿ ಎದುರಿನವರಿಗೆ ಹಿಡಿಯಲು ಏನಿತ್ತು ಎಂದು ಒಮ್ಮೆ ನೋಡಿ. ಕಾವಲುಗಾರ ತನ್ನ ಬಾಲ್ಯವನ್ನು ನೆನೆಯುತ್ತ ನಿಂತಿದ್ದರೆ ವರ್ತಕ ತಲೆಯಾಡಿಸದೆ ಇನ್ನೇನು ಮಾಡಿಯಾನು? ಕಾವಲುಗಾರ ಗಾಡಿಗೆ ಕೈಯೊಡ್ಡಿ, ಕೆಳಗಿನ ಮೂಟೆಯನ್ನು ಬಿಚ್ಚು ಎನ್ನಲಿ. ಸುಳ್ಳೋ, ಲಂಚವೋ, ಜಗಳವೋ, ಏನಾದರೂ ಬಂದೇ ಬರುತ್ತದೆ.

ಜೊತೆಗಾರರು ಬೇಕೆಂದು ಪೋಸ್ಟ್ ಹಾಕುವಾಗ ನಿಮ್ಮದೇ ಬರವಣಿಗೆಯ ತುಣುಕೊಂದನ್ನು ಸೇರಿಸಿ. ಎಷ್ಟೇ ಸಲುಗೆ ಬೆಳೆದರೂ ಮೊಬೈಲ್ ನಂಬರ್ ಕೊಡುವ ಅಗತ್ಯವಿಲ್ಲ, ಮತ್ತು ಕಥೆಯಲ್ಲಿ ಪ್ರೇಮಪ್ರಸಂಗ ಬರುವುದಾದರೆ ಇಬ್ಬರೂ 18 ದಾಟಿದವರೆಂಬುದು ಖಚಿತವಾಗಿರಲಿ. ಕಥೆ ಸೊರಗಿತು ಎನಿಸಿದಾಗ ಹಾಗೆಯೇ ಕೈಬಿಡದೆ, ವರ್ತಕನನ್ನು ಸೀಮೆ ದಾಟಿಸುವ ದೃಶ್ಯವೊಂದನ್ನು ಬರೆದು ಮುಗಿಸಿ. ಹಾಗೆ ಮುಗಿಸಿದ ಜೊತೆಗಾರರನ್ನು ಇನ್ನೊಂದು ಕಥೆಗೆ ಕರೆಯುವುದಕ್ಕೆ ಸಂಕೋಚವಿರುವುದಿಲ್ಲ.